ಪಾಲು ಕೇಳಿದವಳು ಮನೆಮುರುಕಿಯೇ?

ಮನೆಯಲ್ಲೊಂದು ಸಾವಾದರೆ ಏನೇನು ಮಾಡಬೇಕೆಂದು ನಮ್ಮ ಜನರಿಗೆ ಚೆನ್ನಾಗಿ ಗೊತ್ತಿದೆ. ಮಯ್ಯತ್ತಿಗೆ ಸ್ನಾನ ಮಾಡಿಸುವವರು ಯಾರು, ಕಫನ್ ಬಟ್ಟೆ ಎಷ್ಟು ಗಜ ಬೇಕು, ಗೋರಿ ತೋಡುವವನಿಗೆ ಯಾರು ಹೇಳಿಕಳಿಸಬೇಕು, ದೂರದ ಊರಿನ ಮಗಳು ಬಂದು ಮುಖ ನೋಡುವ ತನಕ ಜನಾಝಾ ನಿಲ್ಲಿಸಬಹುದೇ, ಇವೆಲ್ಲಕ್ಕೂ ಓಣಿಯಲ್ಲಿ ಉತ್ತರ ಹೇಳುವವರು ಹತ್ತು ಮಂದಿ ಸಿಗುತ್ತಾರೆ. ಮೂರನೇ ದಿನದ ಜಿಯಾರತ್ತಿಗೆ ಎಷ್ಟು ಅಕ್ಕಿ, ನಲವತ್ತರ ಊಟಕ್ಕೆ ಎಷ್ಟು ಜನ ಎಂಬುದೂ ಬಾಯಿಪಾಠ. ಆದರೆ ತೀರಿಹೋದವರು ಬಿಟ್ಟುಹೋದದ್ದೇನು, ಅವರ ತಲೆಯ ಮೇಲೆ ಸಾಲವೆಷ್ಟಿತ್ತು, ಹೆಂಡತಿಗೆ ಕೊಡಬೇಕಾದ ಮಹರ್ ಬಾಕಿ ಉಳಿದಿತ್ತೇ, ವಾರಸುದಾರರು ಯಾರು, ಯಾರಿಗೆ ಎಷ್ಟು ಎಂದು ಕೇಳಿದವರನ್ನು ಮಾತ್ರ ನೆರೆದವರೆಲ್ಲ ಒಮ್ಮೆ ತಿರುಗಿ ನೋಡುತ್ತಾರೆ. "ಗೋರಿಯ ಮಣ್ಣು ಇನ್ನೂ ಆರಿಲ್ಲ, ಆಗಲೇ ಆಸ್ತಿಯ ಮಾತೇ?" ಎನ್ನುತ್ತಾರೆ. ಕೇಳಿದವಳು ಹೆಣ್ಣಾದರಂತೂ ಮುಗಿಯಿತು. ಅವಳು ಮನೆಮುರುಕಿ.

ತಮಾಷೆಯೆಂದರೆ, ಮಣ್ಣು ಆರಿಲ್ಲವೆಂದು ಗದರುವ ಅಣ್ಣ ಆಗಲೇ ನಾಡಕಚೇರಿಗೆ ಹೋಗಿ ಅರ್ಜಿ ಕೊಟ್ಟು ಬಂದಿರುತ್ತಾನೆ. ಮರಣ ಪ್ರಮಾಣಪತ್ರ ತಂದಿರುತ್ತಾನೆ. ವಂಶವೃಕ್ಷಕ್ಕೆ ಅಫಿಡವಿಟ್ ಮಾಡಿಸಿರುತ್ತಾನೆ. ದುಃಖದ ಹೊತ್ತಿನಲ್ಲಿ ಆಸ್ತಿಯ ಮಾತು ಆಡಬಾರದೆಂಬ ನಿಯಮ ಮನೆಯೊಳಗೆ ಕುಳಿತವರಿಗಷ್ಟೇ. ಹೊರಗೆ ಓಡಾಡುವವರಿಗೆ ಅದು ಅನ್ವಯಿಸುವುದಿಲ್ಲ.

ಮನೆಯೊಳಗೆ ಕುಳಿತವರು ಯಾರು? ಮೊದಲನೆಯವಳು ವಿಧವೆ. ಅವಳಿಗೆ ನಾಲ್ಕು ತಿಂಗಳು ಹತ್ತು ದಿನದ ಇದ್ದತ್. ಗಂಡನ ಮನೆಯಲ್ಲೇ ಇದ್ದು ಕಳೆಯಬೇಕಾದ ಅವಧಿ ಅದು. ಅತ್ತ ಪೌತಿ ಖಾತೆಯ ಅರ್ಜಿ ಹೋದ ಮೇಲೆ ಗ್ರಾಮದ ಚಾವಡಿಯಲ್ಲಿ ನೋಟೀಸು ಅಂಟಿಸುತ್ತಾರೆ, ತಕರಾರಿದ್ದವರು ಬನ್ನಿ ಎನ್ನುತ್ತಾರೆ. ಆ ತಕರಾರಿನ ಗಡುವು ದಿನಗಳ ಲೆಕ್ಕದ್ದು, ಇದ್ದತ್ತಿನ ಗಡುವು ತಿಂಗಳುಗಳ ಲೆಕ್ಕದ್ದು. ಚಾವಡಿಯ ಗೋಡೆಯ ಮೇಲಿನ ಕಾಗದವನ್ನು ಕೋಣೆಯೊಳಗಿನ ಹೆಂಗಸು ಓದುವುದು ಹೇಗೆ? ಅವಳು ಹೊರಗೆ ಬರುವ ಹೊತ್ತಿಗೆ ಪಹಣಿಯಲ್ಲಿ ಹೆಸರು ಬದಲಾಗಿರುತ್ತದೆ. ಇದ್ದತ್ತಿನಲ್ಲಿರುವ ವಿಧವೆ ಅಗತ್ಯಕ್ಕಾಗಿ ಹಗಲು ಹೊತ್ತು ಹೊರಗೆ ಹೋಗಿ ರಾತ್ರಿಗೆ ಮನೆ ಸೇರಬಹುದೆಂದು ಹನಫೀ ಫಿಕ್ಹ್‌ನ ಪುಸ್ತಕಗಳೇ ಹೇಳುತ್ತವೆ. ಆದರೆ ಈ ಅನುಮತಿಯನ್ನು ಅವಳ ಕಿವಿಗೆ ಹಾಕುವವರು ಯಾರು? ಮಕ್ಕಳ ಅನ್ನದ ವಿಷಯ ಅಗತ್ಯವಲ್ಲದಿದ್ದರೆ ಇನ್ನಾವುದು ಅಗತ್ಯ?

ಎರಡನೆಯವಳು ಮಗಳು. ಅವಳು ನಲವತ್ತರ ಊಟಕ್ಕೆ ಗಂಡನ ಮನೆಯಿಂದ ಬಂದಿರುತ್ತಾಳೆ. ಊಟವಾದ ಮೇಲೆ ಅಣ್ಣ ಒಂದು ಕಾಗದ ಹಿಡಿದು ಬರುತ್ತಾನೆ. "ಇದೇನಿಲ್ಲ, ಖಾತೆ ಮಾಡಿಸುವುದಕ್ಕೆ. ಎಲ್ಲರ ಹೆಸರಿಗೂ ಮಾಡಿದರೆ ಬ್ಯಾಂಕಿನವರು ಬೆಳೆಸಾಲ ಕೊಡುವುದಿಲ್ಲ, ಎಲ್ಲರೂ ಬಂದು ಸಹಿ ಹಾಕು ಎನ್ನುತ್ತಾರೆ. ಸದ್ಯಕ್ಕೆ ನನ್ನ ಹೆಸರಿಗಿರಲಿ." ಸದ್ಯಕ್ಕೆ ಎಂಬ ಈ ಪದದ ಆಯುಷ್ಯ ನಮ್ಮ ಮನೆಗಳಲ್ಲಿ ಮೂವತ್ತು, ನಲವತ್ತು ವರ್ಷ. ಮಗಳು ಸಹಿ ಹಾಕುತ್ತಾಳೆ. ಹಾಕದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆಂದು ಅವಳಿಗೆ ಗೊತ್ತು. ಈದ್‌ಗೆ ಒಂದು ಸೀರೆ, ಬಾಣಂತನಕ್ಕೆ ಒಂದು ಕೋಣೆ, ಗಂಡ ಹೊಡೆದಾಗ ಓಡಿಬರಲು ಒಂದು ಮೆಟ್ಟಿಲು, ಇಷ್ಟಕ್ಕೆ ಅವಳು ತನ್ನ ಪಾಲನ್ನು ಬೆಲೆಯಾಗಿ ತೆರುತ್ತಾಳೆ. ಇದನ್ನು ನಾವು "ತಂಗಿ ಖುಷಿಯಿಂದ ಬಿಟ್ಟುಕೊಟ್ಟಳು" ಎಂದು ಅನುವಾದಿಸಿಕೊಂಡಿದ್ದೇವೆ.

ಎಷ್ಟು ಬಿಟ್ಟುಕೊಟ್ಟಳು ಎಂದು ಲೆಕ್ಕ ಹಾಕೋಣ. ತಂದೆ ಒಂದು ಎಕರೆ, ಅಂದರೆ ನಲವತ್ತು ಗುಂಟೆ ಬಿಟ್ಟು ತೀರಿಕೊಂಡ. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇದ್ದಾರೆ. ತಂದೆ ತಾಯಿ ಮೊದಲೇ ಹೋಗಿದ್ದಾರೆ. ಮೊದಲು ದಫನ್ ಖರ್ಚು, ಆಮೇಲೆ ಸಾಲ, ಆಮೇಲೆ ವಸಿಯ್ಯತ್ ಇದ್ದರೆ ಅದು, ಇವಿಷ್ಟು ಕಳೆದು ಉಳಿದದ್ದು ತರ್ಕಾ. ಕೊಡದೆ ಉಳಿಸಿಕೊಂಡ ಮಹರ್ ಕೂಡ ಸಾಲವೇ. ಅದು ಪಾಲಿಗಿಂತ ಮೊದಲು ವಿಧವೆಯ ಕೈ ಸೇರಬೇಕು. ಕಳೆಯುವುದು ಏನೂ ಇಲ್ಲವೆಂದಿಟ್ಟುಕೊಂಡರೆ, ಮಕ್ಕಳಿರುವ ವಿಧವೆಗೆ ಎಂಟನೇ ಒಂದು ಭಾಗ, ಐದು ಗುಂಟೆ. ಉಳಿದ ಮೂವತ್ತೈದರಲ್ಲಿ ಮಗನಿಗೆ ಎರಡು, ಮಗಳಿಗೆ ಒಂದು ಎಂಬ ಲೆಕ್ಕ. ಅಲ್ಲಿಗೆ ಮಗಳಿಗೆ ಏಳು ಗುಂಟೆ, ಒಬ್ಬೊಬ್ಬ ಮಗನಿಗೆ ಹದಿನಾಲ್ಕು. ಮಗಳಿಗೆ ಅರ್ಧವೇ ಏಕೆ ಎಂಬ ಪ್ರಶ್ನೆಯನ್ನು ಹಲವರು ಕೇಳುತ್ತಾರೆ. ನಮ್ಮ ಪಂಡಿತರು ಅದಕ್ಕೆ ಗಂಟೆಗಟ್ಟಲೆ ಉತ್ತರ ಹೇಳುತ್ತಾರೆ. ಚರ್ಚೆ ನಡೆಯಲಿ. ನಮ್ಮ ಪ್ರಶ್ನೆ ಅದಕ್ಕಿಂತ ಚಿಕ್ಕದು: ಆ ಅರ್ಧವಾದರೂ ಎಲ್ಲಿದೆ? ಆ ಏಳು ಗುಂಟೆ ಯಾರ ಪಹಣಿಯಲ್ಲಿದೆ, ತೋರಿಸಿ.

ಕುರ್‌ಆನಿನ ನಾಲ್ಕನೇ ಅಧ್ಯಾಯದ ಹೆಸರೇ ಅನ್ನಿಸಾ, ಹೆಂಗಸರು. ನಮಾಜಿನ ರಕಅತ್‌ಗಳ ಎಣಿಕೆಯನ್ನು ಕುರ್‌ಆನಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದು ಹದೀಸಿನಿಂದ, ರೂಢಿಯಿಂದ ಬಂದದ್ದು. ಆದರೆ ಮಗಳ ಪಾಲು, ಹೆಂಡತಿಯ ಪಾಲು, ತಾಯಿಯ ಪಾಲು ಭಿನ್ನರಾಶಿಗಳ ಸಮೇತ ಆ ಅಧ್ಯಾಯದಲ್ಲಿದೆ. ರಕಅತ್ತಿನ ಎಣಿಕೆ ತಪ್ಪಿದರೆ ಮಸೀದಿಯಲ್ಲಿ ಹಿಂದಿನ ಸಾಲಿನಿಂದ ಎಚ್ಚರಿಸುವವರಿದ್ದಾರೆ. ಪಾಲಿನ ಎಣಿಕೆ ತಪ್ಪಿದರೆ ಇಡೀ ಊರಿಗೆ ಕೆಮ್ಮು ಕೂಡ ಬರುವುದಿಲ್ಲ.

ಇನ್ನು ವಂಶವೃಕ್ಷದ ಕಥೆ. ಇದರಲ್ಲಿ ಸರ್ಕಾರವನ್ನು ಬೈಯುವುದು ಸುಲಭ. ಆದರೆ ಗ್ರಾಮ ಆಡಳಿತಾಧಿಕಾರಿ ಬಂದು ವಿಚಾರಣೆ ಮಾಡುವಾಗ ಪಂಚರಾಗಿ ನಿಂತು ಸಹಿ ಹಾಕುವವರು ಅದೇ ಓಣಿಯವರು. ಮಗಳ ಮದುವೆಯಲ್ಲಿ ಬಿರಿಯಾನಿ ಉಂಡವರು, ಅವಳ ನಿಕಾಹಿಗೆ ಸಾಕ್ಷಿಯಾಗಿ ಕುಳಿತವರು. ಆ ಮರದಲ್ಲಿ ಮಗಳ ಹೆಸರಿನ ಕೊಂಬೆ ಇಲ್ಲದ್ದು ಅವರಿಗೆ ಕಾಣುವುದಿಲ್ಲವೇ? ಕಾಣುತ್ತದೆ. "ಮನೆಯ ವಿಷಯ, ನಮಗ್ಯಾಕೆ" ಎಂದು ಸಹಿ ಹಾಕುತ್ತಾರೆ. ಮನೆಯ ವಿಷಯವಾಗಿದ್ದರೆ ಸಹಿಯನ್ನೂ ಮನೆಯವರೇ ಹಾಕಿಕೊಳ್ಳಲಿ. ಸಾಕ್ಷಿ ಹೇಳುವವನು ತನ್ನ ಬಂಧುಗಳ ವಿರುದ್ಧವಾದರೂ ಸತ್ಯವನ್ನೇ ಹೇಳಬೇಕೆಂಬ ಆದೇಶವೂ ಅದೇ ಅನ್ನಿಸಾ ಅಧ್ಯಾಯದಲ್ಲಿದೆ. ಬೇಕಾದವರು ತೆರೆದು ನೋಡಬಹುದು.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾಗದು. ಕಂದಾಯ ಇಲಾಖೆಯ ಕನ್ನಡವನ್ನು ಗಮನಿಸಿದ್ದೀರಾ? ಪೌತಿ ಎಂದರೆ ನಮ್ಮ ಫೌತಿಯೇ, ಸತ್ತವರದ್ದು. ವಾರಸು, ಹಿಸ್ಸೆ, ಕಬ್ಜೆ, ತಕರಾರು, ದಸ್ತಾವೇಜು ಎಲ್ಲವೂ ಉರ್ದು ಫಾರಸಿಯ ಮನೆಯಿಂದ ಹೋದ ಮಾತುಗಳು. ಕಚೇರಿಯ ಭಾಷೆಯಲ್ಲಿ ಅರ್ಧ ನಮ್ಮದು. ಅದರ ರಿಜಿಸ್ಟರಿನಲ್ಲಿ ನಮ್ಮ ಹೆಣ್ಣುಮಕ್ಕಳ ಹೆಸರು ಮಾತ್ರ ಇಲ್ಲ.

ಖಾತೆಯಾದ ಕೂಡಲೇ ಆಸ್ತಿ ಅಣ್ಣನದಾಯಿತೆಂದು ತಿಳಿಯುವವರಿಗೆ ಒಂದು ವಿಷಯ ಗೊತ್ತಿರಬೇಕು. ಮುಸ್ಲಿಂ ಕಾನೂನಿನಲ್ಲಿ ಅವಿಭಕ್ತ ಕುಟುಂಬವೆಂಬುದಿಲ್ಲ. ತಂದೆಯ ಉಸಿರು ನಿಂತ ಕ್ಷಣದಲ್ಲೇ ಪ್ರತಿಯೊಬ್ಬ ವಾರಸುದಾರರ ಪಾಲು ಅವರವರಿಗೆ ಬಂದುಬಿಡುತ್ತದೆ. ಯಾರೂ ಕೊಡಬೇಕಾಗಿಲ್ಲ, ಯಾರ ಕೃಪೆಯೂ ಬೇಕಾಗಿಲ್ಲ. ಪಹಣಿ ಕಂದಾಯ ವಸೂಲಿಯ ಲೆಕ್ಕಕ್ಕಾಗಿ ಇರುವುದು, ಅದು ಒಡೆತನವನ್ನು ಹುಟ್ಟಿಸುವುದೂ ಇಲ್ಲ, ಅಳಿಸುವುದೂ ಇಲ್ಲವೆಂದು ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ ಪ್ರಕಾರ ತಪ್ಪು ಖಾತೆಯ ಮೇಲೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಬಹುದು. ಪಾಲಿನ ದಾವೆಯನ್ನು ಸಿವಿಲ್ ಕೋರ್ಟಿನಲ್ಲಿ ಹೂಡಬಹುದು. ತಂದೆ ಬದುಕಿರುವಾಗಲೇ, ಮದುವೆಯ ಹೊತ್ತಿಗೆ, "ಮುಂದೆ ಪಾಲು ಕೇಳುವುದಿಲ್ಲ" ಎಂದು ಬರೆಸಿಕೊಂಡ ಕಾಗದಕ್ಕೆ ಸಾಮಾನ್ಯವಾಗಿ ಬೆಲೆಯಿಲ್ಲ, ಏಕೆಂದರೆ ಇನ್ನೂ ಹುಟ್ಟದ ಹಕ್ಕನ್ನು ಬಿಡಲು ಬರುವುದಿಲ್ಲ. ಹೀಗೆಂದು ಸುಮ್ಮನಿರಲೂ ಆಗದು. ಹೆದ್ದಾರಿಗೆ ಜಮೀನು ಹೋದರೆ ಪರಿಹಾರದ ನೋಟೀಸು ಬರುವುದು ಪಹಣಿಯಲ್ಲಿ ಹೆಸರಿದ್ದವನಿಗೆ. ಸಾಲ ಸಿಗುವುದು ಅವನಿಗೆ. ಮಾರಿ ಮುಗಿಸಿದ ಮೇಲೆ ಕೊಂಡವನ ಜೊತೆ ಹತ್ತು ವರ್ಷ ಕೋರ್ಟು ಅಲೆಯುವವಳು ತಂಗಿ.

ನಮ್ಮ ಸಮುದಾಯದ ಮುಖಂಡರು ಶರೀಅತ್ತಿನ ರಕ್ಷಣೆಗಾಗಿ ಸಮಾವೇಶ ಮಾಡಿದ್ದನ್ನು ನಾವು ಮತ್ತೆ ಮತ್ತೆ ನೋಡಿದ್ದೇವೆ. ಒಳ್ಳೆಯದು. ಆದರೆ ಅವರು ರಕ್ಷಿಸುವ 1937ರ ಶರೀಅತ್ ಅನ್ವಯ ಕಾಯ್ದೆ ಬಂದದ್ದೇಕೆಂದು ಆ ವೇದಿಕೆಗಳಲ್ಲಿ ಯಾರೂ ಹೇಳುವುದಿಲ್ಲ. ಪಂಜಾಬ್ ಮೊದಲಾದ ಕಡೆ ಮುಸ್ಲಿಮರು ಕುಲದ ರೂಢಿಯ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಡದೆ ಉಳಿಸಿಕೊಂಡಿದ್ದರು. ಬ್ರಿಟಿಷರ ಕೋರ್ಟುಗಳು ಆ ರೂಢಿಯನ್ನೇ ಎತ್ತಿಹಿಡಿಯುತ್ತಿದ್ದವು. ಇದನ್ನು ಮುಸ್ಲಿಂ ಮಹಿಳಾ ಸಂಘಟನೆಗಳು ಖಂಡಿಸಿದ್ದವೆಂಬ ಮಾತು ಆ ಮಸೂದೆಯ ಉದ್ದೇಶದ ಹೇಳಿಕೆಯಲ್ಲೇ ಇದೆ. ಅಂದರೆ ರೂಢಿಯ ವಿರುದ್ಧ ಮಗಳ ಪಾಲನ್ನು ಕಾಪಾಡಲು ಬಂದ ಕಾಯ್ದೆ ಅದು. ಕೃಷಿ ಭೂಮಿಯನ್ನು ಮಾತ್ರ ಅದರಿಂದ ಹೊರಗಿಟ್ಟರು. ಭೂಮಿ ಪ್ರಾಂತಗಳ ವಿಷಯವೆಂಬುದು ಕಾಗದದ ಮೇಲಿನ ಕಾರಣ. ಅದರಿಂದ ಯಾವ ಜಮೀನುದಾರನಿಗೂ ಬೇಸರವಾಗಿರಲಾರದು. 1949ರಲ್ಲಿ ಮದ್ರಾಸ್ ಪ್ರಾಂತ ತಿದ್ದುಪಡಿ ತಂದು ಆ ವಿನಾಯಿತಿಯನ್ನು ತೆಗೆದುಹಾಕಿತು. ದಕ್ಷಿಣ ಕನ್ನಡ ಆಗ ಮದ್ರಾಸಿನಲ್ಲಿತ್ತು. ಇಷ್ಟೆಲ್ಲ ಆದ ಮೇಲೂ ಆ ಕಾಯ್ದೆಯ ಹೆಸರಿನಲ್ಲಿ ಮೈಕು ಹಿಡಿಯುವವರಲ್ಲಿ ಎಷ್ಟು ಮಂದಿ ತಮ್ಮ ಸ್ವಂತ ತಂಗಿಯ ಹಿಸ್ಸೆಯನ್ನು ಅಳೆದು ಕಲ್ಲು ನೆಟ್ಟಿದ್ದಾರೆ? ಸಮಾವೇಶದ ಬಾಗಿಲಲ್ಲಿ ಈ ಪ್ರಶ್ನೆ ಕೇಳಿ ಒಳಗೆ ಬಿಟ್ಟರೆ ಕುರ್ಚಿಗಳು ಕಡಿಮೆಯೇ ಸಾಕಾಗಬಹುದು.

2023ರ ಮಾರ್ಚ್ 8ರಂದು ನಮ್ಮ ನೆರೆಯ ಕಾಸರಗೋಡು ಜಿಲ್ಲೆಯ ಹೊಸದುರ್ಗದಲ್ಲಿ ವಕೀಲರೂ ನಟರೂ ಆದ ಸಿ. ಶುಕ್ಕೂರ್ ತಮ್ಮ ಪತ್ನಿ ಶೀನಾ ಅವರನ್ನೇ ವಿಶೇಷ ವಿವಾಹ ಕಾಯ್ದೆಯಡಿ ಮತ್ತೊಮ್ಮೆ ಮದುವೆಯಾದರು. ಅವರಿಗೆ ಮೂವರು ಹೆಣ್ಣುಮಕ್ಕಳು, ಗಂಡುಮಕ್ಕಳಿಲ್ಲ. ಮುಸ್ಲಿಂ ಕಾನೂನಿನಂತೆ ತಂದೆಯ ಆಸ್ತಿಯಲ್ಲಿ ಆ ಹೆಣ್ಣುಮಕ್ಕಳೆಲ್ಲರಿಗೂ ಸೇರಿ ಮೂರನೇ ಎರಡು ಭಾಗ, ಮಿಕ್ಕವರ ಪಾಲು ಹೋಗಿ ಉಳಿದದ್ದು ಶುಕ್ಕೂರರ ಸಹೋದರರಿಗೆ. ಎಲ್ಲವೂ ಮಕ್ಕಳಿಗೇ ಸಿಗಲಿ ಎಂದು ಅವರು ಈ ದಾರಿ ಹಿಡಿದರು. ದೊಡ್ಡ ಗದ್ದಲವಾಯಿತು. ಅವರು ಮಾಡಿದ್ದನ್ನು ಒಪ್ಪುವುದು ಬಿಡುವುದು ಓದುಗರಿಗೆ ಬಿಟ್ಟದ್ದು. ಆದರೆ ಅವರನ್ನು ಶಪಿಸಿದ ನಾಲಗೆಗಳಿಗೆ ನಾವು ಒಂದು ಮಾತು ಕೇಳಬೇಕಾಗಿದೆ. ಸಹೋದರರ ಪಾಲು ತಪ್ಪುವಾಗ ಧರ್ಮಕ್ಕೆ ಅಪಚಾರವಾಯಿತೆಂದು ಕಂಗೆಡುವವರು, ಮನೆ ಮನೆಯಲ್ಲಿ ಸಹೋದರಿಯರ ಪಾಲು ತಪ್ಪುವಾಗ ಎಲ್ಲಿದ್ದಿರಿ?

ಇದು ಮುಸ್ಲಿಮರ ಮನೆಯ ರೋಗ ಮಾತ್ರವೆಂದು ಯಾರೂ ಸಮಾಧಾನಪಟ್ಟುಕೊಳ್ಳುವುದು ಬೇಡ. ತಿರುವಾಂಕೂರಿನ ಸಿರಿಯನ್ ಕ್ರೈಸ್ತರಲ್ಲಿ ಮಗಳಿಗೆ ಮಗನ ಪಾಲಿನ ಕಾಲುಭಾಗ ಅಥವಾ ಐದು ಸಾವಿರ ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದು ಎಂಬ ಕಾನೂನಿತ್ತು. ಮೇರಿ ರಾಯ್ ಎಂಬ ಹೆಣ್ಣುಮಗಳು ಸುಪ್ರೀಂ ಕೋರ್ಟಿನಲ್ಲಿ ಅದನ್ನು ಮುರಿದದ್ದು 1986ರಲ್ಲಿ. ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡಿನಷ್ಟೇ ಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂತು. ಅದಕ್ಕೂ ಮೊದಲೇ ಮದುವೆಯಾದವರನ್ನು ಮಾತ್ರ ಹೊರಗಿಟ್ಟಿತು. ಇಡೀ ದೇಶಕ್ಕೆ 2005ರಲ್ಲಿ ಬಂತು. ಆದರೂ ಉಪನೋಂದಣಾಧಿಕಾರಿಯ ಕಚೇರಿಯ ಮುಂದೆ ಒಂದು ಬೆಳಗ್ಗೆ ನಿಂತು ನೋಡಿ. ಹಕ್ಕುಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಲು ಅಣ್ಣನ ಬೈಕಿನ ಹಿಂದೆ ಕುಳಿತು ಬಂದ ತಂಗಿಯರಲ್ಲಿ ಬುರ್ಖಾದವರೂ ಇದ್ದಾರೆ, ಕುಂಕುಮದವರೂ ಇದ್ದಾರೆ.

ಜಮೀನಿಲ್ಲದವರ ಮನೆಯಲ್ಲೂ ಸಾವಾಗುತ್ತದೆ. ಅಲ್ಲಿರುವುದು ಬ್ಯಾಂಕಿನ ಠೇವಣಿ, ಭವಿಷ್ಯನಿಧಿ, ಗಲ್ಫಿನಿಂದ ಕಳಿಸಿ ಕೂಡಿಟ್ಟ ನಾಲ್ಕು ಕಾಸು. ಅಲ್ಲಿ ನಾಮಿನಿ ಎಂಬ ಇನ್ನೊಂದು ಭೂತ. ಠೇವಣಿಯಲ್ಲಿ ಯಾರ ಹೆಸರನ್ನು ನಾಮಿನಿ ಎಂದು ಬರೆಸಿದೆಯೋ ಹಣ ಅವನದೇ ಎಂದು ಓದಿದವರೂ ನಂಬಿದ್ದಾರೆ. ನಾಮಿನಿಯೆಂದರೆ ಬ್ಯಾಂಕು ಯಾರ ಕೈಗೆ ಹಣ ಹಾಕಿ ತನ್ನ ಹೊಣೆ ಕಳೆದುಕೊಳ್ಳಬಹುದೋ ಆ ಕೈ, ಅಷ್ಟೇ. ಆ ಕೈಯಿಂದ ಅದು ವಾರಸುದಾರರಿಗೆ ಹಂಚಿಕೆಯಾಗಬೇಕು. ಬ್ಯಾಂಕ್ ಠೇವಣಿಯ ವಿಷಯದಲ್ಲಿ 2010ರಲ್ಲಿ, ಕಂಪನಿ ಷೇರುಗಳ ವಿಷಯದಲ್ಲಿ 2023ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. 2025ರ ನವೆಂಬರಿನಿಂದ ಬ್ಯಾಂಕ್ ಖಾತೆಗೆ ನಾಲ್ವರ ತನಕ ನಾಮಿನಿ ಮಾಡಬಹುದಾಗಿದೆ. ಹೆಂಡತಿಯ ಹೆಸರನ್ನೂ ಮಗಳ ಹೆಸರನ್ನೂ ಬರೆಸಲು ಈಗ ಜಾಗವಿಲ್ಲವೆಂಬ ನೆಪವಿಲ್ಲ.

ನಮಗೆ ಗೊತ್ತಿರುವ ಒಬ್ಬ ವಿಧವೆ ಗಂಡನ ಠೇವಣಿ ಕೇಳಲು ಹೋದಾಗ ಬ್ಯಾಂಕೊಂದರ ಗುಮಾಸ್ತ "ಪ್ರೊಬೇಟ್ ತನ್ನಿ" ಎಂದು ತಿರುಗಿ ಕಳಿಸಿದ. ಆಕೆ ಅದು ಯಾವ ಅಂಗಡಿಯಲ್ಲಿ ಸಿಗುತ್ತದೆಂದು ಕೇಳುತ್ತ ಮೂರು ತಿಂಗಳು ಓಡಾಡಿದಳು. ಪ್ರೊಬೇಟ್ ಎಂದರೆ ಸತ್ತವರು ಬರೆದಿಟ್ಟ ವಿಲ್ ಅಸಲಿಯೆಂದು ಪರೀಕ್ಷಿಸಿ ಕೋರ್ಟು ಮೊಹರು ಹಾಕಿ ಕೊಡುವ ಪ್ರತಿ. ಆಕೆಯ ಗಂಡ ವಿಲ್ ಬರೆದಿರಲೇ ಇಲ್ಲ. ಇಲ್ಲದ ವಿಲ್ಲಿಗೆ ಪ್ರೊಬೇಟ್ ಎಲ್ಲಿಂದ ಬರಬೇಕು? ಹಳೆಯ ಪ್ರೆಸಿಡೆನ್ಸಿ ಊರುಗಳಲ್ಲಿ ಕೆಲವರಿಗೆ ಪ್ರೊಬೇಟ್ ಕಡ್ಡಾಯ ಮಾಡಿದ್ದ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 213ನೇ ಕಲಮು ಮುಸ್ಲಿಮರ ವಿಲ್ಲಿಗೆ ಅನ್ವಯಿಸುತ್ತಲೇ ಇರಲಿಲ್ಲ. 2002ರಲ್ಲಿ ಕ್ರೈಸ್ತರನ್ನೂ ಅದರಿಂದ ಬಿಟ್ಟರು. 2025ರ ಡಿಸೆಂಬರಿನಲ್ಲಿ ಸಂಸತ್ತು ಆ ಕಲಮನ್ನೇ ಕಿತ್ತುಹಾಕಿತು. ವಿಲ್ ಇಲ್ಲದೆ, ನಾಮಿನಿಯೂ ಇಲ್ಲದೆ ಹೋದವರ ಠೇವಣಿ, ಷೇರು, ಬರಬೇಕಾದ ಸಾಲ ಇವುಗಳಿಗೆ ಬೇಕಾಗುವುದು ಉತ್ತರಾಧಿಕಾರ ಪ್ರಮಾಣಪತ್ರ. ಅದೇ ಕಾಯ್ದೆಯ 372ನೇ ಕಲಮಿನಡಿ ಸಿವಿಲ್ ಕೋರ್ಟಿಗೆ ಅರ್ಜಿ ಹಾಕಬೇಕು. ಕೋರ್ಟು ಉಳಿದ ವಾರಸುದಾರರಿಗೆ ನೋಟೀಸು ಕೊಡುತ್ತದೆ, ಪತ್ರಿಕೆಯಲ್ಲಿ ಪ್ರಕಟಣೆ ಮಾಡಿಸುತ್ತದೆ, ತಕರಾರು ಕೇಳುತ್ತದೆ. ಮನೆಗೂ ಜಮೀನಿಗೂ ಈ ಪ್ರಮಾಣಪತ್ರ ನಡೆಯುವುದಿಲ್ಲ. ಇದನ್ನು ಪಡೆದವನೂ ಹಣದ ಒಡೆಯನೇನಲ್ಲ. ಅವನಿಗೆ ಕೊಟ್ಟ ಬ್ಯಾಂಕಿಗೆ ರಕ್ಷಣೆ ಸಿಕ್ಕಿತು, ಅಷ್ಟೇ. ಉಳಿದವರ ಪಾಲು ಅವನ ಕೊರಳಿಗೆ ಕಟ್ಟಿಕೊಂಡೇ ಇರುತ್ತದೆ. ಮೊತ್ತ ಸಣ್ಣದಾದರೆ ಕೋರ್ಟಿನ ತನಕ ಹೋಗದೆ, ಎಲ್ಲ ವಾರಸುದಾರರ ಸಹಿಯ ಮೇಲೆ ಬ್ಯಾಂಕೇ ತೀರ್ಮಾನಿಸಬಹುದು. ಕಾಗದಗಳೆಲ್ಲ ಸರಿಯಾಗಿ ಸೇರಿದ 15 ದಿನಗಳೊಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ಆದೇಶವಿದೆ. ಇದನ್ನು ಆ ಗುಮಾಸ್ತನೂ ಓದಿರಲಿಲ್ಲ, ಆಕೆಗೆ ಹೇಳಬೇಕಾದ ನಮ್ಮ ವಿದ್ಯಾವಂತರೂ ಓದಿರಲಿಲ್ಲ.

ವಿಲ್ಲಿನ ಮಾತು ಬಂದದ್ದರಿಂದ ಇನ್ನೊಂದು ಗಾಯವನ್ನು ಮುಟ್ಟಲೇಬೇಕು. ತಂದೆ ಬದುಕಿರುವಾಗಲೇ ಒಬ್ಬ ಮಗ ತೀರಿಕೊಂಡರೆ, ಇನ್ನೊಬ್ಬ ಮಗ ಇದ್ದಾನೆಂಬ ಕಾರಣಕ್ಕೆ, ತೀರಿಕೊಂಡವನ ಮಕ್ಕಳಿಗೆ ಅಜ್ಜನ ಆಸ್ತಿಯಲ್ಲಿ ಪಾಲಿಲ್ಲ. ಅಪ್ಪನನ್ನು ಕಳೆದುಕೊಂಡ ಮಕ್ಕಳು ಅಜ್ಜ ಸತ್ತ ದಿನ ಮನೆಯನ್ನೂ ಕಳೆದುಕೊಳ್ಳುತ್ತಾರೆ. ಇದಕ್ಕೆ ಈಜಿಪ್ಟ್ 1946ರಲ್ಲಿ ಕಡ್ಡಾಯ ವಸಿಯ್ಯತ್ತಿನ ಕಾನೂನು ಮಾಡಿತು. ಪಾಕಿಸ್ತಾನ 1961ರಲ್ಲಿ ಆ ಮಕ್ಕಳಿಗೆ ಅಪ್ಪನ ಪಾಲನ್ನೇ ಕೊಟ್ಟಿತು. ನಮ್ಮಲ್ಲಿ ಅಂಥ ಕಾನೂನಿಲ್ಲ. ಆದರೆ ಸಾಲ ತೀರಿಸಿ ಉಳಿದ ಆಸ್ತಿಯ ಮೂರನೇ ಒಂದು ಭಾಗದ ತನಕ ವಾರಸುದಾರರಲ್ಲದವರಿಗೆ ವಸಿಯ್ಯತ್ ಬರೆಯುವ ಅಧಿಕಾರ ಪ್ರತಿ ಮುಸ್ಲಿಮನಿಗೂ ಇದೆ. ಆ ಮೊಮ್ಮಕ್ಕಳು ವಾರಸುದಾರರಲ್ಲದ ಕಾರಣಕ್ಕೇ ಅವರಿಗೆ ಬರೆಯಬಹುದು. ಯಾರನ್ನೂ ಕೇಳಬೇಕಾಗಿಲ್ಲ, ಫತ್ವಾ ತರಿಸಬೇಕಾಗಿಲ್ಲ. ಬಾಯಿಮಾತಿನ ವಸಿಯ್ಯತ್ತೂ ಕಾನೂನಿಗೆ ಒಪ್ಪಿಗೆಯೇ, ಆದರೆ ಬಾಯಿಮಾತನ್ನು ಕೋರ್ಟಿನಲ್ಲಿ ನಿಲ್ಲಿಸುವುದು ಕಷ್ಟ. ಒಂದು ಹಾಳೆ, ಇಬ್ಬರು ಸಾಕ್ಷಿಗಳು, ನೋಂದಣಿಯಾದರೆ ಇನ್ನೂ ಒಳ್ಳೆಯದು. ಮಗನ ಜನಾಝಾಕ್ಕೆ ಹೆಗಲು ಕೊಟ್ಟ ಮುದುಕ ಈ ಒಂದು ಹಾಳೆ ಬರೆಯದೆ ಹೋಗುವುದೇಕೆ? ಬರೆಯಿರಿ ಎಂದು ಹೇಳಿದವನನ್ನು "ಇವನು ಮುದುಕನ ಸಾವಿಗೆ ಕಾಯುತ್ತಿದ್ದಾನೆ" ಎನ್ನುತ್ತಾರಲ್ಲ, ಅದಕ್ಕೆ.

ನಮ್ಮ ಜಮಾಅತ್‌ಗಳಲ್ಲಿ ನಿಕಾಹಿನ ದಫ್ತರಿದೆ, ಕಬರಸ್ತಾನದ ದಫ್ತರಿದೆ. ಯಾರ ಮಗಳು ಯಾರ ಮನೆಗೆ ಹೋದಳೆಂದು ಮಸೀದಿಯ ಕಪಾಟಿನಲ್ಲಿ ದಾಖಲೆಯಿದೆ. ದಫನ್ ಆದ ದಿನ ಅದೇ ಪುಸ್ತಕದ ಎದುರು ಪುಟದಲ್ಲಿ, ವಿಧವೆ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಎಂದು ವಾರಸುದಾರರ ಹೆಸರು ಬರೆದು, ಅದರ ನಕಲನ್ನು ಪ್ರತಿಯೊಬ್ಬರ ಕೈಗೂ ಕೊಡಲು ಎಷ್ಟು ಖರ್ಚು? ಚಂದಾ ಬಾಕಿಯಿದ್ದವನ ಮಗಳ ನಿಕಾಹನ್ನು ತಡೆದು ನಿಲ್ಲಿಸುವ ಕಮಿಟಿಗಳು ನಮ್ಮಲ್ಲಿವೆ. ತಂಗಿಯ ಪಾಲು ಬಾಕಿಯಿದ್ದವನನ್ನು ಮೊದಲ ಸಾಲಿನಿಂದ ಏಳಿಸಿದ ಕಮಿಟಿ ಒಂದನ್ನೂ ನಾವು ಕಂಡಿಲ್ಲ. ಎಷ್ಟೋ ಊರುಗಳಲ್ಲಿ ಅವನೇ ಅಧ್ಯಕ್ಷ.

ಇಷ್ಟು ಹೇಳಿದ ಮೇಲೂ "ನಮ್ಮ ತಂಗಿಯರು ಅಂಥವರಲ್ಲ, ಅವರು ಮನಸಾರೆ ಬಿಟ್ಟುಕೊಟ್ಟಿದ್ದಾರೆ" ಎನ್ನುವ ಅಣ್ಣಂದಿರು ಇದ್ದೇ ಇರುತ್ತಾರೆ. ಸಂತೋಷ. ಹಾಗಾದರೆ ಒಂದು ಕೆಲಸ ಮಾಡಿ. ಮೊದಲು ಅವಳ ಏಳು ಗುಂಟೆಯನ್ನು ಅಳೆಸಿ, ಹಿಸ್ಸೆ ನಂಬರು ಹಾಕಿಸಿ, ಪಹಣಿಯಲ್ಲಿ ಅವಳ ಹೆಸರು ಬರಲಿ. ಒಂದು ವರ್ಷ ಅದರ ಫಸಲು ಅವಳ ಮನೆಗೆ ಹೋಗಲಿ. ಆಮೇಲೂ ಅವಳಿಗೆ ಅಣ್ಣನಿಗೇ ಕೊಡಬೇಕೆನಿಸಿದರೆ ಹಿಬಾ ಮಾಡಿಕೊಡುವುದನ್ನು ಯಾರೂ ತಡೆಯುವುದಿಲ್ಲ. ನೋಂದಣಿ ಕಚೇರಿ ಆಗಲೂ ತಾಲೂಕಿನಲ್ಲೇ ಇರುತ್ತದೆ, ಅಣ್ಣನ ಬೈಕೂ ಇರುತ್ತದೆ.